ಹಳೇ ವ್ಯಾಗನ್ ಕೊಳ್ಳುವ ಮುಂಚೆ ಲಿಫ್ಟ್ ಮೇಲೆ ಎತ್ತಿಸಿ ನೋಡಿ

ನ್ಯೂಜೆರ್ಸಿಯಲ್ಲಿ ಮಕ್ಕಳಿಗೆ 17 ತುಂಬಿ, ಒಬ್ಬರೇ ಓಡಿಸಲು ಬಿಡುವ ಪ್ರೊಬೇಷನರಿ ಲೈಸೆನ್ಸ್ ಕೈಗೆ ಬಂತು ಅಂದರೆ ಮನೆಯಲ್ಲಿ ಹಳೇ ಕಾರಿನ ಹುಡುಕಾಟ ಶುರು. ನಮ್ಮ ಪರಿಚಯದ ಕನ್ನಡದ ಮನೆಗಳಲ್ಲಿ ಈಗ ಸ್ಟೇಷನ್ ವ್ಯಾಗನ್, ಅಂದರೆ ಚಾವಣಿ ಹಿಂದಿನ ತನಕ ಚಾಚಿದ ಉದ್ದನೆಯ ಕಾರು, ಹುಡುಕುವವರು ಸಾಕಷ್ಟು ಜನ ಇದ್ದಾರೆ. ಆಸೆಯೇನೋ ಸರಿಯಾದದ್ದೇ. ಎಸ್‌ಯುವಿಯಷ್ಟು ಎತ್ತರ ಇರುವುದಿಲ್ಲ, ಹಾಗಾಗಿ ಪಲ್ಟಿಯಾಗುವ ಭಯ ಕಡಿಮೆ. ಪುಟ್ಟ ಕಾರಿಗಿಂತ ತೂಕ ಜಾಸ್ತಿ, ಡಿಕ್ಕಿಯಾದರೆ ಒಳಗಿರುವವರಿಗೆ ಅಷ್ಟು ರಕ್ಷಣೆ. ಕ್ರಿಕೆಟ್ ಕಿಟ್ಟು, ಮೃದಂಗ, ಸ್ಕೂಲಿನ ಚೀಲ ಎಲ್ಲಾ ಹಿಂದೆ ಹಿಡಿಯುತ್ತವೆ. ಅದಕ್ಕೇ ನಾವೂ ಮಗಳಿಗೆ ಒಂದೂವರೆ ಲಕ್ಷ ಮೈಲಿ ಓಡಿದ್ದ, ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಆಲ್ ವೀಲ್ ಡ್ರೈವ್ ವ್ಯಾಗನ್ ಒಂದನ್ನು ಕೊಂಡೆವು. ಆಮೇಲೆ ಆದದ್ದು ಇನ್ನೊಬ್ಬರ ಮಕ್ಕಳಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ. ಕಾರಿನ ಕಂಪನಿ ಹೆಸರು ಹೇಳುವುದಿಲ್ಲ, ಅದು ಕಂಪನಿಯ ತಪ್ಪಲ್ಲ. ಮಾರಿದ ಡೀಲರ್ ಹೆಸರೂ ಬೇಡ. ಅವನಂಥವರು ಊರಿಗೊಬ್ಬರು ಇದ್ದಾರೆ.

ಕಾಗದ ಎಲ್ಲಾ ಚೆನ್ನಾಗಿತ್ತು. ಕಾರಿನ ಹಿಂದಿನ ದಾಖಲೆ ತೋರಿಸುವ ಹಿಸ್ಟರಿ ರಿಪೋರ್ಟಿನಲ್ಲಿ ಒಂದೂ ಅಪಘಾತ ಇಲ್ಲ. ಇನ್ಸ್‌ಪೆಕ್ಷನ್ ಪಾಸಾಗಿತ್ತು. ಎರಡು ಹೊಸ ಟೈರು ಹಾಕಿಸಿದ್ದೀವಿ ಅಂತ ಡೀಲರ್ ಹೆಮ್ಮೆಯಿಂದ ತೋರಿಸಿದ. ನಮ್ಮ ಮೆಕ್ಯಾನಿಕ್ ಹತ್ತಿರ ಒಯ್ದು ನೋಡಿಸುತ್ತೇವೆ ಅಂದಾಗ ಮಾತ್ರ, ಇನ್ಶೂರೆನ್ಸ್ ಒಪ್ಪುವುದಿಲ್ಲ, ಕಾರು ಆವರಣ ಬಿಟ್ಟು ಹೋಗುವಂತಿಲ್ಲ ಅಂದ. ಬದಲಿಗೆ ಫೋನಿನಲ್ಲಿ ಕಾರಿನ ತಳದ ಫೋಟೋ ತೋರಿಸಿದ. ಪೂರ್ತಿ ಕಪ್ಪು, ಫಳಫಳ ಹೊಳೆಯುತ್ತಿತ್ತು. ತುಕ್ಕು ಹಿಡಿಯದಿರಲಿ ಅಂತ ತಳಕ್ಕೆ ಬಳಿಯುವ ಅಂಡರ್‌ಕೋಟಿಂಗ್ ಹೊಸದಾಗಿ ಮಾಡಿಸಿದ್ದಂತೆ.

ಚಳಿಗಾಲ ಇನ್ನೂ ಮುಗಿದಿರಲಿಲ್ಲ. ಮಗಳು ಒಬ್ಬಳೇ ಮನೆಗೆ ಬರುತ್ತಿದ್ದಳು. ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ಕೆಳಗಿಳಿಯಿತು. ಎರಡೂ ಕಾಲು ಹಾಕಿ ಒತ್ತಿ ಹಿಡಿದಿದ್ದಾಳೆ. ಕಾರು ಜಂಕ್ಷನ್ ಮಧ್ಯೆ ಹೋಗಿ ನಿಂತಿತು. ಆಚೆ ಈಚೆಯ ಗಾಡಿಗಳವರು ನೋಡಿ ನಿಲ್ಲಿಸಿಕೊಂಡಿದ್ದರಿಂದ ನಮ್ಮ ಮಗು ನಮಗೆ ಉಳಿಯಿತು. ಅವರು ಯಾರೋ ಏನೋ, ಅವರಿಗೆಲ್ಲ ಒಳ್ಳೆಯದಾಗಲಿ.

ಟೋ ಮಾಡಿಸಿ ಗ್ಯಾರೇಜಿಗೆ ಒಯ್ದೆವು. ಲಿಫ್ಟ್ ಮೇಲೆ ಎತ್ತಿದ ಮೆಕ್ಯಾನಿಕ್ ನಮ್ಮನ್ನು ಕೆಳಗೆ ನಿಲ್ಲಿಸಿಕೊಂಡು ತೋರಿಸಿದರು. ಆ ಕಪ್ಪು ಲೇಪವನ್ನು ಸ್ಕ್ರೂ ಡ್ರೈವರಿನಿಂದ ಕೆರೆದರೆ ಒಳಗೆ ಬರೀ ತುಕ್ಕು. ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಅಲ್ಲೇ ಒಡೆದು ಬ್ರೇಕ್ ಆಯಿಲ್ ಸೋರಿಹೋಗಿತ್ತು. ಬ್ರೇಕಿನ ಪೈಪುಗಳು ಎರಡು ಬೇರೆ ಬೇರೆ ಸಾಲಾಗಿರುತ್ತವಂತೆ, ಒಂದು ಹೋದರೂ ಇನ್ನೊಂದು ಅರ್ಧ ಬ್ರೇಕ್ ಹಿಡಿಯುತ್ತದೆ. ಮಗಳನ್ನು ಉಳಿಸಿದ್ದು ಆ ಅರ್ಧ. ಹಿಂದಿನ ಸಬ್‌ಫ್ರೇಮಿಗೂ, ಅಂದರೆ ಸಸ್ಪೆನ್ಷನ್ ಹೊರುವ ಕಬ್ಬಿಣದ ಚೌಕಟ್ಟಿಗೂ, ತೂತು ಬಿದ್ದಿತ್ತು. ರಿಪೇರಿಗೆ ಹೇಳಿದ ಮೊತ್ತ ಕಾರಿಗೆ ಕೊಟ್ಟ ಬೆಲೆಯ ಅರ್ಧ ದಾಟಿತು.

ಇನ್ಸ್‌ಪೆಕ್ಷನ್ ಪಾಸಾಗಿತ್ತಲ್ಲ ಅಂತ ಕೇಳಿದೆ. ಅವರು ಹೇಳಿದ್ದು ಕೇಳಿ ಗಾಬರಿಯಾಯಿತು. ಇದನ್ನು ದಯವಿಟ್ಟು ಎಲ್ಲರಿಗೂ ತಿಳಿಸಿ. ನ್ಯೂಜೆರ್ಸಿಯಲ್ಲಿ ಮನೆಬಳಕೆಯ ಕಾರುಗಳಿಗೆ ಬ್ರೇಕು, ಸ್ಟೀರಿಂಗು, ಸಸ್ಪೆನ್ಷನ್ ನೋಡುವ ತಪಾಸಣೆಯನ್ನು 2010ರಲ್ಲೇ ನಿಲ್ಲಿಸಿದ್ದಾರೆ. ಈಗ ನೋಡುವುದು ಹೊಗೆಯ ಲೆಕ್ಕ ಮಾತ್ರ. ಗಾಜಿನ ಮೇಲಿನ ಸ್ಟಿಕ್ಕರ್ ನೋಡಿ ಬ್ರೇಕ್ ಚೆನ್ನಾಗಿದೆ ಅಂತ ತಿಳಿಯುವಂತೆಯೇ ಇಲ್ಲ.

ಹಿಸ್ಟರಿ ರಿಪೋರ್ಟ್ ಕೂಡ ಅಷ್ಟೇ. ಯಾರಾದರೂ ವರದಿ ಮಾಡಿದ್ದು ಮಾತ್ರ ಅದರಲ್ಲಿ ಬರುತ್ತದೆ. ತುಕ್ಕನ್ನು ಯಾರು ವರದಿ ಮಾಡುತ್ತಾರೆ? ಆದರೆ ಕಾರು ಯಾವ ಊರಿನಲ್ಲಿ ರಿಜಿಸ್ಟರ್ ಆಗಿತ್ತು ಅನ್ನುವುದು ಅದರಲ್ಲಿ ಇರುತ್ತದೆ, ಅದನ್ನು ಗಮನವಿಟ್ಟು ಓದಿ. ಈ ಕಾರು ಅಷ್ಟೂ ವರ್ಷ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಓಡಿತ್ತು. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪುನೀರು ತಳದ ಕಬ್ಬಿಣವನ್ನು ತಿನ್ನುತ್ತದೆ. ಹಳೇ ಕಾರಿಗೆ ಹೊಸ ಕಪ್ಪು ಲೇಪ ಕಂಡರೆ ಏನನ್ನು ಮುಚ್ಚಿದ್ದಾರೆ ಅಂತ ಕೇಳಿ.

ಆ ಹೊಸ ಟೈರುಗಳ ಕಥೆ ಇನ್ನೊಂದು. ಮುಂದೆ ಎರಡು ಹೊಸದು, ಹಿಂದೆ ಎರಡು ಸವೆದದ್ದು. ಆಲ್ ವೀಲ್ ಡ್ರೈವ್ ಕಾರಿನಲ್ಲಿ ನಾಲ್ಕೂ ಟೈರು ಒಂದೇ ಅಳತೆಗೆ ಸವೆದಿರಬೇಕು. ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತ ಸುಬಾರು ಕಂಪನಿಯೇ ಹೇಳುತ್ತದೆ. ವ್ಯತ್ಯಾಸ ಇದ್ದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ, ಶಕ್ತಿ ಹಂಚುವ ಭಾಗ ಬಿಸಿಯಾಗಿ ಹಾಳಾಗುತ್ತದೆ. ಪಾರ್ಕಿಂಗಿನಲ್ಲಿ ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಕಾರು ಯಾರೋ ಹಿಡಿದೆಳೆದ ಹಾಗೆ ಜಗ್ಗುತ್ತಿತ್ತಂತೆ. ಆಮೇಲೆ ಮಗಳು ಹೇಳಿದಳು: "ಅಮ್ಮ, ನನಗೇ ಸರಿಯಾಗಿ ಓಡಿಸೋಕೆ ಬರಲ್ಲ ಅಂದ್ಕೊಂಡಿದ್ದೆ."

ಈ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಹಳೇ ಕಾರು ಕೆಡುವ ಮುಂಚೆ ಸಾಮಾನ್ಯವಾಗಿ ಏನಾದರೂ ಸೂಚನೆ ಕೊಡುತ್ತದೆ. ಪೆಡಲ್ ಮೆತ್ತಗಾಗುತ್ತದೆ, ಶಬ್ದ ಬದಲಾಗುತ್ತದೆ, ಒಂದು ಕಡೆ ಎಳೆಯುತ್ತದೆ. ಇಪ್ಪತ್ತು ವರ್ಷ ಓಡಿಸಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಹೊಸದಾಗಿ ಕಲಿತ ಮಕ್ಕಳಿಗೆ ಹೋಲಿಸಿ ನೋಡಲು ಬೇರೆ ಕಾರೇ ಇಲ್ಲ ಅಲ್ವಾ? ಕಾರು ಅಂದರೆ ಹೀಗೇ ಇರುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗಿ ದೊಡ್ಡವರು ಓಡಿಸುವ ಹಳೇ ಕಾರಿಗಿಂತ ಮಕ್ಕಳ ಹಳೇ ಕಾರನ್ನು ಹತ್ತು ಪಟ್ಟು ಜಾಸ್ತಿ ಪರೀಕ್ಷೆ ಮಾಡಬೇಕು.

ಡೀಲರ್ ಕೈ ಎತ್ತಿದ. ಕಾನೂನೂ ನೆರವಿಗೆ ಬರಲಿಲ್ಲ. ಕೆಟ್ಟ ಕಾರು ಕೊಂಡವರಿಗೆ ರಕ್ಷಣೆ ಕೊಡುವ ಇಲ್ಲಿಯ ಹಳೇ ಕಾರಿನ ಲೆಮನ್ ಲಾ 1 ಲಕ್ಷ ಮೈಲಿ ದಾಟಿದ ಕಾರಿಗೆ ಅನ್ವಯಿಸುವುದೇ ಇಲ್ಲ. ಇಂಥ ಕಾರಿನ ಕಿಟಕಿಗೆ 'ಆಸ್ ಈಸ್' (ಇದ್ದ ಹಾಗೇ, ಡೀಲರ್ ವಾರಂಟಿ ಇಲ್ಲ) ಅಂತ ಗುರುತು ಹಾಕಿದ ಬೈಯರ್ಸ್ ಗೈಡ್ ಅನ್ನುವ ಕಾಗದ ಅಂಟಿಸಿರುತ್ತಾರೆ. ಅದೇ ಕಾಗದದಲ್ಲಿ, ನಿಮ್ಮ ಮೆಕ್ಯಾನಿಕ್ ಕಾರನ್ನು ಪರೀಕ್ಷಿಸಬಹುದೇ ಅಂತ ಡೀಲರನ್ನು ಕೇಳಿ ಅಂತಲೂ ಅಚ್ಚಾಗಿರುತ್ತದೆ. ಬೆರಳಿಟ್ಟು ತೋರಿಸಿ ಕೇಳಿ. ಒಪ್ಪದಿದ್ದರೆ ಎಷ್ಟೇ ಕಡಿಮೆ ಬೆಲೆ ಇದ್ದರೂ ಎದ್ದು ಬನ್ನಿ. ಸಂಜೆ ಇನ್ನೊಂದು ಪಾರ್ಟಿ ಬರುತ್ತಿದೆ ಅಂದರೆ ಬರಲಿ ಬಿಡಿ.

ಎರಡನೇ ಸಲ ಹುಡುಕುವಾಗ ಪ್ರತಿ ಕಾರನ್ನೂ ಮೆಕ್ಯಾನಿಕ್ ಹತ್ತಿರವೇ ಒಯ್ದೆವು. ಒಂದರಲ್ಲಿ ಚೆಕ್ ಎಂಜಿನ್ ಲೈಟ್ ಆರಿತ್ತು, ಆದರೆ ಸ್ಕ್ಯಾನರ್ ಹಾಕಿದರೆ ಮಾನಿಟರ್‌ಗಳು, ಅಂದರೆ ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು, 'ನಾಟ್ ರೆಡಿ'. ಅಂದರೆ ಈಗಷ್ಟೇ ದೋಷದ ಕೋಡ್ ಅಳಿಸಿರುವ ಸಾಧ್ಯತೆ ಜಾಸ್ತಿ. ಇನ್ನೊಂದು ಸುಬಾರು ಕಂಪನಿಯ ಹಳೇ ಔಟ್‌ಬ್ಯಾಕ್ ವ್ಯಾಗನ್, 1 ಲಕ್ಷ ಮೈಲಿ ದಾಟಿತ್ತು. ಎಂಜಿನ್ನಿನ ವಾಲ್ವುಗಳನ್ನು ತಾಳ ತಪ್ಪದಂತೆ ನಡೆಸುವ ಅದರ ಟೈಮಿಂಗ್ ಬೆಲ್ಟ್ ಬದಲಿಸಬೇಕಾದದ್ದು 1,05,000 ಮೈಲಿಗೆ, ಬದಲಿಸಿದ ರಸೀತಿ ಇರಲಿಲ್ಲ. ಬೆಲ್ಟ್ ತುಂಡಾದರೆ ಒಳಗೆ ವಾಲ್ವುಗಳು ಬಡಿದುಕೊಂಡು ಎಂಜಿನ್ನೇ ಹೋಗುತ್ತದೆ. ಆ ದೊಡ್ಡ ಖರ್ಚು ಬರುವ ಹೊತ್ತಿಗೇ ಎಷ್ಟೋ ಕಾರುಗಳು ಮಾರಾಟಕ್ಕೆ ಬರುತ್ತವೆ, ನೋಡಿಕೊಳ್ಳಿ. 2013ರ ಮಾಡೆಲ್‌ನಿಂದ ಆ ಕಾರಿನ 2.5 ಲೀಟರ್ ಎಂಜಿನ್ನಿಗೆ ಬೆಲ್ಟಿನ ಬದಲು ಚೈನ್ ಬಂದಿದೆ.

ವರ್ಷದ ವಿಷಯಕ್ಕೆ ಬಂದರೆ, 2012ಕ್ಕಿಂತ ಹಳೆಯ ಮಾಡೆಲ್ ಮಕ್ಕಳಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಜಾರಿದಾಗ ಕಾರನ್ನು ಹಿಡಿತಕ್ಕೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ ಎಲ್ಲಾ ಕಾರಿಗೂ ಕಡ್ಡಾಯವಾದದ್ದು ಆ ಮಾಡೆಲ್‌ನಿಂದ. ಜೊತೆಗೆ ಅಕ್ಷರ, ಅಂಕಿ ಸೇರಿ 17 ಇರುವ ವಿನ್ ಸಂಖ್ಯೆಯನ್ನು (ಕಾರಿನ ಗುರುತಿನ ಸಂಖ್ಯೆ) ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ, ದೋಷ ಸರಿಪಡಿಸಲು ಕಂಪನಿ ಕರೆದ ರೀಕಾಲ್ ಬಾಕಿ ಇದೆಯಾ ನೋಡಿ. ಸಿಡಿದು ಲೋಹದ ಚೂರು ಎಸೆಯಬಲ್ಲ ಟಕಾಟಾ ಕಂಪನಿಯ ಏರ್‌ಬ್ಯಾಗ್ ಬದಲಿಸದ ಕಾರುಗಳು ಇನ್ನೂ ರಸ್ತೆಯಲ್ಲಿವೆ. ರೀಕಾಲ್ ಬಾಕಿ ಇರುವ ಹಳೇ ಕಾರನ್ನು ಡೀಲರ್ ಮಾರುವುದಕ್ಕೆ ಕೇಂದ್ರದ ಕಾನೂನಿನ ತಡೆ ಇಲ್ಲ. ಕಂಪನಿಯ ಡೀಲರ್‌ಗಳಲ್ಲಿ ಆ ಏರ್‌ಬ್ಯಾಗನ್ನು ಪುಕ್ಕಟೆಯಾಗಿ ಬದಲಿಸಿಕೊಡುತ್ತಾರೆ.

ಕೊಂಡ ಮೇಲೂ ಕೀಲಿ ಪೂರ್ತಿ ಮಕ್ಕಳ ಕೈಗೆ ಕೊಟ್ಟು ಸುಮ್ನೆ ಇರಬೇಡಿ. ನಮ್ಮನೆಯವರು ಈಗ ವಾರಕ್ಕೊಮ್ಮೆ ಮಗಳ ಕಾರನ್ನು ತಾವೇ ಓಡಿಸುತ್ತಾರೆ. ಖಾಲಿ ಜಾಗದಲ್ಲಿ ಜೋರಾಗಿ ಬ್ರೇಕ್ ಒತ್ತಿ ನೋಡುತ್ತಾರೆ, ಎರಡೂ ಕಡೆ ಪೂರ್ತಿ ಸ್ಟೀರಿಂಗ್ ತಿರುಗಿಸುತ್ತಾರೆ, ಬಾನೆಟ್ ತೆಗೆದು ಬ್ರೇಕ್ ಆಯಿಲ್ ಮಟ್ಟ ನೋಡುತ್ತಾರೆ. ಹತ್ತು ನಿಮಿಷದ ಕೆಲಸ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಮಾಡುತ್ತಾರೆ.