ಮಂಡಿ ಲೆಕ್ಕಕ್ಕೆ ಲಿಬ್ರೆಆಫೀಸ್ ಕ್ಯಾಲ್ಕ್: ಎಂಟು ಸೀಸನ್ ಬಳಸಿದ ಮೇಲೆ ಕಾಲಂಗಳ ಬಗ್ಗೆ ನಾಲ್ಕು ಮಾತು

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು ನಾನು. ಮೆಕ್ಕೆಜೋಳವೇ ನಮ್ಮ ಮುಖ್ಯ ಮಾಲು. 2017ರ ಸೀಸನ್ನಿನಿಂದ ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟ್ ಆದ ಕ್ಯಾಲ್ಕ್ ಬಳಸುತ್ತಿದ್ದೇನೆ. ಉಚಿತವಾಗಿ ಸಿಗುತ್ತದೆ, ಕನ್ನಡ ಚೆನ್ನಾಗಿ ಬರುತ್ತದೆ ಎಂಬುದೆಲ್ಲ ಗೊತ್ತಿರುವ ಮಾತೇ. ನಾನು ಬರೆಯಲು ಕೂತದ್ದು ಕಾಲಂಗಳ ಬಗ್ಗೆ ಮಾತ್ರ. ಯಾವ ಕಾಲಂ ಎಲ್ಲಿರಬೇಕು, ಎಷ್ಟು ಅಗಲ ಇರಬೇಕು ಅನ್ನುವುದು ನಮ್ಮ ಕೈಯಲ್ಲಿ ಇರಬೇಕೇ ಹೊರತು ಸಾಫ್ಟ್‌ವೇರ್ ಮಾಡಿದವರ ಕೈಯಲ್ಲಲ್ಲ ಅಂತ ನಾನು ಪಟ್ಟುಹಿಡಿದು ಹೇಳುತ್ತೇನೆ.

ಅದಕ್ಕೆ ಕಾರಣವಿದೆ. ಮೊದಲು ನಮ್ಮಲ್ಲಿ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಇತ್ತು. ಅದರಲ್ಲಿ ಕಾಲಂನ ಅಗಲ ಬದಲಿಸಲು ಆಗುತ್ತಿರಲಿಲ್ಲ. ಒಮ್ಮೆ ಒಬ್ಬ ರೈತರ ಜೋಳ 84 ಕ್ವಿಂಟಾಲ್ ತೂಗಿತು, ದರ 1,408 ರೂಪಾಯಿ. ಮೊತ್ತ 118272 ಆಗಬೇಕು. ಕಾಲಂ ಕಿರಿದಾಗಿದ್ದರಿಂದ ಕೊನೆಯ ಅಂಕಿ ಮರೆಯಾಗಿ ಪರದೆಯಲ್ಲಿ 11827 ಅಂತ ಕಂಡಿತು. ಸಂಜೆಯ ಗದ್ದಲದಲ್ಲಿ ನಾನು ಅದನ್ನೇ ಓದಿ ಹೇಳಿಬಿಟ್ಟೆ. ಆ ಹಿರಿಯರು ಸಿಟ್ಟಾಗಲಿಲ್ಲ. "ಯವ್ವಾ, ಎರಡು ಟ್ರ್ಯಾಕ್ಟರ್ ಜೋಳ ಹಾಕೀನಿ, ಹನ್ನೊಂದು ಸಾವಿರ ಅಂತೀಯಲ್ಲ, ಇನ್ನೊಂದ್ಸಲ ನೋಡವ್ವ" ಅಂದರು. ವರ್ಷದ ದುಡಿಮೆ ಅದು. ಅವರ ಮುಖ ಆ ಕ್ಷಣ ಹೇಗಾಗಿತ್ತು ಅನ್ನುವುದು ನನಗೆ ಇವತ್ತಿಗೂ ನೆನಪಿದೆ.

ಕ್ಯಾಲ್ಕ್‌ನಲ್ಲಿ ಇದಾಗುವುದಿಲ್ಲ. ಮೊತ್ತ ಕಾಲಂನಲ್ಲಿ ಹಿಡಿಸದಿದ್ದರೆ ಅರ್ಧ ಅಂಕಿ ತೋರಿಸುವ ಬದಲು ### ಅಂತ ತೋರಿಸುತ್ತದೆ. ಹೊಸಬರು ಇದನ್ನು ನೋಡಿ ಫೈಲ್ ಕೆಟ್ಟಿತು ಅಂತ ಗಾಬರಿಯಾಗುತ್ತಾರೆ. ಕೆಟ್ಟಿಲ್ಲ, "ಜಾಗ ಸಾಲದು, ಅಗಲ ಮಾಡಿ" ಅಂತ ಕೇಳುತ್ತಿದೆ, ಅಷ್ಟೆ. ಮೇಲಿನ ಅಕ್ಷರಪಟ್ಟಿಯಲ್ಲಿ ಆ ಕಾಲಂನ ಬಲಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಬೇಕಾದಷ್ಟೇ ಅಗಲವಾಗುತ್ತದೆ. ಮೌಸ್ ಮುಟ್ಟದೆ ಮಾಡುವುದಾದರೆ ಆಲ್ಟ್ ಒತ್ತಿಕೊಂಡು ಬಲ ಬಾಣ ಒತ್ತಿ. ಆದರೆ ಒಂದು ಎಚ್ಚರಿಕೆ. ಸೆಲ್ಲಿನ ಫಾರ್ಮ್ಯಾಟ್ 'ಜನರಲ್' ಆಗಿದ್ದರೆ, ಜಾಗ ಸಾಲದಾಗ ದಶಾಂಶದ ಭಾಗವನ್ನು ಮೊಟಕುಗೊಳಿಸಿ ತೋರಿಸುತ್ತದೆ. 38.46 ಕ್ವಿಂಟಾಲ್ 38.5 ಅಂತ ಕಾಣಬಹುದು. ಹಾಗಾಗಿ ತೂಕದ ಕಾಲಂಗೆ ಮೊದಲೇ ಎರಡು ದಶಾಂಶ ಸ್ಥಾನ ನಿಗದಿ ಮಾಡಿಡಿ. ಆಮೇಲೆ ಪೂರ್ತಿ ಅಂಕಿ, ಇಲ್ಲವೇ ###, ನಡುವಿನದು ಇಲ್ಲ.

ಹೆಸರಿನ ಕಾಲಂದು ಬೇರೆ ಕಥೆ. ಅಕ್ಷರಗಳಿಗೆ ### ಬರುವುದಿಲ್ಲ. ಪಕ್ಕದ ಸೆಲ್ ಖಾಲಿ ಇದ್ದರೆ ಹೆಸರು ಅದರ ಮೇಲೆ ಹರಿಯುತ್ತದೆ, ತುಂಬಿದ್ದರೆ ಕತ್ತರಿಸಿ ಅಂಚಿನಲ್ಲಿ ಪುಟ್ಟ ತ್ರಿಕೋನ ತೋರಿಸುತ್ತದೆ. ಒಂದೇ ಊರಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರುವಾಗ ತಂದೆಯ ಹೆಸರು ಮರೆಯಾದರೆ ಪಟ್ಟಿ, ಅಂದರೆ ರೈತರಿಗೆ ಕೊಡುವ ಲೆಕ್ಕದ ಚೀಟಿ, ಇನ್ನೊಬ್ಬರ ಕೈಗೆ ಹೋಗುತ್ತದೆ. ನಾನು ಹೆಸರು ಮತ್ತು ಊರು ಎರಡಕ್ಕೂ ಧಾರಾಳವಾಗಿ ಜಾಗ ಕೊಟ್ಟು, ಚೀಲದ ಕಾಲಂ ಅನ್ನು ಕಿರಿದು ಮಾಡಿದ್ದೇನೆ. ಸಾಲಿನ ಎತ್ತರವನ್ನೂ ಕೈಯಾರೆ ತಗ್ಗಿಸಬೇಡಿ. ಲಕ್ಷ್ಮಮ್ಮ ಎಂಬಂಥ ಹೆಸರಿನಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ.

ಕ್ರಮದ ವಿಚಾರಕ್ಕೆ ಬರುತ್ತೇನೆ. ಬೆಂಬಲ ಬೆಲೆ ಖರೀದಿಗೆ ಮೆಕ್ಕೆಜೋಳದ ತೇವಾಂಶ ಶೇ. 14 ದಾಟಬಾರದು. ನಮ್ಮ ಅಂಗಡಿಗೆ ಬರುವ ಖರೀದಿದಾರರೂ ದರ ಹೇಳುವ ಮುಂಚೆ ಕೇಳುವುದು ತೇವಾಂಶವನ್ನೇ. ಅಂದಮೇಲೆ ಆ ಎರಡು ಕಾಲಂ ಅಕ್ಕಪಕ್ಕ ಇರಬೇಕು. ಹಳೆಯ ಸಾಫ್ಟ್‌ವೇರಿನಲ್ಲಿ ತೇವಾಂಶ ಬಲತುದಿಯಲ್ಲಿತ್ತು, ದರ ನಡುವೆ. ದಿನಕ್ಕೆ ಅದೆಷ್ಟು ಸಲ ಪರದೆ ಆಚೀಚೆ ಸರಿಸುತ್ತಿದ್ದೆನೋ! ಕ್ಯಾಲ್ಕ್‌ನಲ್ಲಿ ಇಡೀ ಕಾಲಂ ಆಯ್ಕೆ ಮಾಡಿ, ಅದರೊಳಗಿನ ಯಾವುದಾದರೂ ಸೆಲ್ ಹಿಡಿದು, ಆಲ್ಟ್ ಒತ್ತಿಕೊಂಡೇ ಎಳೆದು ಬೇಕಾದಲ್ಲಿ ಬಿಡಬಹುದು. ಫಾರ್ಮುಲಾಗಳು ತಾವೇ ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತವೆ. ತಲೆಯ ಅಕ್ಷರವನ್ನೇ ಹಿಡಿದು ಎಳೆದರೆ ಆಯ್ಕೆ ದೊಡ್ಡದಾಗುತ್ತದೆಯೇ ಹೊರತು ಕಾಲಂ ಕದಲುವುದಿಲ್ಲ. ಇದು ತಿಳಿಯಲು ನನಗೆ ವಾರ ಹಿಡಿಯಿತು. ಕೆಲವು ಲಿನಕ್ಸ್ ಯಂತ್ರಗಳಲ್ಲಿ ಆಲ್ಟ್ ಒತ್ತಿ ಎಳೆದರೆ ಕಿಟಕಿಯೇ ಸರಿಯುತ್ತದೆ, ಆ ಸೆಟ್ಟಿಂಗ್ ಮೊದಲು ಬದಲಿಸಿಕೊಳ್ಳಿ.

ಹಮಾಲಿ, ಮುಂಗಡ ಮುಂತಾದ ಕಾಲಂಗಳು ತೂಕದ ಹೊತ್ತಿನಲ್ಲಿ ಬೇಡ, ಪಟ್ಟಿ ಮಾಡುವಾಗ ಬೇಕು. ಅವನ್ನು 'ಹೈಡ್' ಮಾಡುತ್ತಿದ್ದೆ, ಈಗ ಮಾಡುವುದಿಲ್ಲ. ಬಚ್ಚಿಟ್ಟ ಕಾಲಂ ಇದೆ ಅಂತ ಇನ್ನೊಬ್ಬರಿಗೆ ಸುಲಭವಾಗಿ ತಿಳಿಯುವುದಿಲ್ಲ. ಬದಲಿಗೆ ಆ ಕಾಲಂಗಳನ್ನು ಆಯ್ಕೆ ಮಾಡಿ ಎಫ್12 ಒತ್ತಿ ಗುಂಪು ಮಾಡುತ್ತೇನೆ. ಮೇಲೆ ಕಳೆಯುವ ಚಿಹ್ನೆ ಕಾಣುತ್ತದೆ, ಒತ್ತಿದರೆ ಕಾಲಂಗಳು ಮಡಚಿಕೊಂಡು ಅದು ಕೂಡುವ ಚಿಹ್ನೆಯಾಗುತ್ತದೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಈ ಒಂದು ಸೌಲಭ್ಯಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ.

ಮಿತಿಗಳೂ ಇವೆ. 'ಫ್ರೀಜ್' ಮಾಡಿದರೆ ಪರದೆ ಸರಿಸಿದಾಗಲೂ ಮೇಲಿನ ಸಾಲು ಮತ್ತು ಎಡದ ಕಾಲಂಗಳು ಮಾತ್ರ ನಿಲ್ಲುತ್ತವೆ, ಬಲತುದಿಯ ಬಾಕಿ ನಿಲ್ಲುವುದಿಲ್ಲ. ಹಾಗಾಗಿ ಬಾಕಿಯನ್ನೇ ಹೆಸರಿನ ಪಕ್ಕಕ್ಕೆ ತಂದಿದ್ದೇನೆ. ಒಂದು ಹಾಳೆಯಲ್ಲಿ ಒಂದು ಕಾಲಂಗೆ ಒಂದೇ ಅಗಲ. ಕೆಳಗೆ ಹಮಾಲರ ಲೆಕ್ಕ ಬರೆಯಲು ಹೋದರೆ ಮೇಲಿನದು ಹಾಳು. ಇದು ಸ್ಪ್ರೆಡ್‌ಶೀಟ್ ಜಾತಿಗೇ ಇರುವ ಗುಣ, ಅದಕ್ಕೆ ಬೇರೆ ಹಾಳೆಯೇ ಪರಿಹಾರ.

ಪ್ರಿಂಟ್ ತೆಗೆಯುವವರು ಪೇಜ್ ಸ್ಟೈಲ್‌ನ ಶೀಟ್ ವಿಭಾಗದಲ್ಲಿ ಅಗಲಕ್ಕೆ ಹೊಂದಿಸುವ ಆಯ್ಕೆ ನೋಡಿ, ಇಲ್ಲದಿದ್ದರೆ ಬಾಕಿ ಕಾಲಂ ಒಂದೇ ಎರಡನೇ ಪುಟಕ್ಕೆ ಹೋಗಿ ಕೂರುತ್ತದೆ.

ಈ ವರ್ಷ ಅಂಗಡಿಗೆ ಹೊಸದಾಗಿ ಒಬ್ಬ ಹುಡುಗಿ ಸೇರಿದ್ದಾಳೆ. ಮೂರನೇ ದಿನ ನನ್ನ ಹಾಳೆ ನೋಡಿ, "ಅಕ್ಕಾ, ಮೊದಲು ಚೀಲ ಎಣಿಸಿ ಆಮೇಲೆ ತಾನೆ ತೂಗೋದು, ಚೀಲದ ಕಾಲಂ ತೂಕಕ್ಕಿಂತ ಮುಂಚೆ ಬರಬೇಕಲ್ವಾ?" ಅಂತ ಕೇಳಿದಳು. ಎಂಟು ವರ್ಷ ನನಗೆ ಹೊಳೆದಿರಲಿಲ್ಲ. ಅವತ್ತೇ ಸರಿಸಿದೆವು.