ನಾಲ್ಕು ಮಿಲಿಮೀಟರ್ ತಪ್ಪಿದ ಅಳತೆಪಟ್ಟಿ: ಬ್ಯಾಲೆನ್ಸ್ ಸ್ಟ್ಯಾಂಡ್‌ನೊಂದಿಗೆ ಮೂರು ವರ್ಷ

ರೇಡಿಯೊ ನಿಯಂತ್ರಿತ ಮಾದರಿ ವಿಮಾನದ ಗುರುತ್ವ ಕೇಂದ್ರ ನೋಡಲು ಬಳಸುವ ಎರಡು ಕಂಬದ ಸ್ಟ್ಯಾಂಡ್ ನನ್ನ ಮೇಜಿಗೆ ಬಂದು ಮೂರು ವರ್ಷವಾಯಿತು. ಮೊದಲ ಎಂಟು ತಿಂಗಳು ಅದು ನನಗೆ ತಪ್ಪು ಲೆಕ್ಕ ಕೊಟ್ಟಿತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಇವತ್ತಿಗೂ ಅದರ ಮೇಲೆ ಕೂರಿಸಿ ನೋಡದೆ ಯಾವ ವಿಮಾನವನ್ನೂ ಮೈದಾನಕ್ಕೆ ಒಯ್ಯುವುದಿಲ್ಲ.

ಮೊದಲೆಲ್ಲ ಎರಡು ತೋರುಬೆರಳುಗಳ ತುದಿಯಲ್ಲಿ ರೆಕ್ಕೆಯನ್ನು ಎತ್ತಿ ನೋಡುತ್ತಿದ್ದೆ. ಮೇಲ್‌ರೆಕ್ಕೆಯ ದೊಡ್ಡ ತರಬೇತಿ ವಿಮಾನಕ್ಕೆ ಅಷ್ಟು ಸಾಕು. ಅದು ಸಣ್ಣಪುಟ್ಟ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. 900 ಗ್ರಾಂ ತೂಕದ ಕೆಳರೆಕ್ಕೆಯ ವಿಮಾನ ತಂದ ಮೇಲೆ ಬೆರಳಿನ ಅಂದಾಜು ಸಾಲದಾಯಿತು. ಬೆರಳ ತುದಿಯೇ ಒಂದು ಸೆಂಟಿಮೀಟರ್ ಅಗಲವಿರುತ್ತದೆ. ಪರದೆಯ ಮೇಲೆ ನೇರವಾಗಿ ಅಂಕಿ ತೋರಿಸುವ ಎಲೆಕ್ಟ್ರಾನಿಕ್ ಬಗೆಯೂ ಸಿಗುತ್ತದೆ, ಆದರೆ ಎರಡೇ ವಿಮಾನ ಇಟ್ಟುಕೊಂಡವನಿಗೆ ಅಷ್ಟು ಖರ್ಚು ಬೇಕೆನಿಸಲಿಲ್ಲ. ಹೀಗೆ ಈ ಸ್ಟ್ಯಾಂಡ್ ಬಂತು.

ಕೈಪಿಡಿಯ ಪ್ರಕಾರ ಆ ವಿಮಾನದ ಗುರುತ್ವ ಕೇಂದ್ರ ರೆಕ್ಕೆಯ ಮುಂದಿನ ಅಂಚಿನಿಂದ 40 ಮಿ.ಮೀ. ಹಿಂದಿರಬೇಕು. ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ರೆಕ್ಕೆಯ ಅಗಲ 160 ಮಿ.ಮೀ.; ಅಂದರೆ ಸರಿಯಾಗಿ ಕಾಲು ಭಾಗ. ಸ್ಟ್ಯಾಂಡಿನ ಪಟ್ಟಿಯಲ್ಲಿ 40ಕ್ಕೆ ಹೊಂದಿಸಿದೆ, ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿದೆ, ಮಟ್ಟವಾಗಿ ನಿಂತಿತು. ಆದರೆ ಹಾರಿಸಿದಾಗ ಟ್ರಾನ್ಸ್‌ಮಿಟರಿನ ಎಲಿವೇಟರ್ (ಮೂತಿಯನ್ನು ಏರಿಸಿ ಇಳಿಸುವ ಬಾಲದ ಹಲಗೆ) ಕಡ್ಡಿಯನ್ನು ಮುಟ್ಟಿದರೆ ಸಾಕು, ಮೂತಿ ಚಿಮ್ಮುತ್ತಿತ್ತು. ಕಡ್ಡಿಯ ನಡುಭಾಗದ ಚುರುಕನ್ನು ತಗ್ಗಿಸುವ ಎಕ್ಸ್‌ಪೋವನ್ನು ಶೇಕಡಾ 30ರಿಂದ 45ಕ್ಕೆ ಏರಿಸಿದೆ. ಎಲಿವೇಟರಿನ ಓಡಾಟವನ್ನು ತಗ್ಗಿಸಿದೆ. ಕೊನೆಗೆ ಒಂದು ದಿನ ಸಾಕಷ್ಟು ಎತ್ತರಕ್ಕೆ ಒಯ್ದು, ಕಡ್ಡಿ ಮುಟ್ಟದೆಯೂ ನೇರ ಹಾರುವಂತೆ ಟ್ರಿಮ್ ಮಾಡಿ, ಸುಮಾರು 45 ಡಿಗ್ರಿಯಲ್ಲಿ ಮೂತಿಯನ್ನು ಕೆಳಗಿಳಿಸಿ ಕಡ್ಡಿ ಬಿಟ್ಟೆ. ಮೂತಿ ಭಾರವಿದ್ದರೆ ವಿಮಾನ ತಾನಾಗಿ ಮೇಲೇಳುತ್ತದೆ. ನನ್ನದು ಇನ್ನಷ್ಟು ಕಡಿದಾಗಿ ಇಳಿಯತೊಡಗಿತು. ಬಾಲ ಭಾರವಾಗಿದೆ ಎಂದು ವಿಮಾನ ಹೇಳುತ್ತಿತ್ತು, ಎಲ್ಲ ಸರಿಯಿದೆ ಎಂದು ಸ್ಟ್ಯಾಂಡ್ ಹೇಳುತ್ತಿತ್ತು. ನಾನು ಸ್ಟ್ಯಾಂಡನ್ನು ನಂಬಿದೆ.

ಸತ್ಯ ಗೊತ್ತಾದದ್ದು ಒಂದು ಸಂಜೆ, ರೆಕ್ಕೆಯ ಮೇಲ್ಮೈಯನ್ನು ಒರೆಸುವಾಗ. ಕೆಳರೆಕ್ಕೆಯ ವಿಮಾನವನ್ನು ತಲೆಕೆಳಗಾಗಿ ಕೂರಿಸಿ ನೋಡುವುದರಿಂದ ಕಂಬದ ರಬ್ಬರ್ ತುದಿಗಳು ರೆಕ್ಕೆಯ ಮೇಲ್ಮೈಗೆ ಒತ್ತುತ್ತವೆ. ಮೆತ್ತಗಿನ ಫೋಮಿನಲ್ಲಿ ಕಡಲೆಕಾಳಿನಷ್ಟು ಸಣ್ಣ ಗುಳಿ ಬಿದ್ದಿತ್ತು. ನಾನು 40 ಮಿ.ಮೀ.ಗೆ ಎಳೆದಿದ್ದ ಪೆನ್ಸಿಲ್ ಗೆರೆ ಅದರ ನಡುವೆ ಹಾದುಹೋಗಬೇಕಿತ್ತು. ಗುಳಿ ಗೆರೆಯ ಹಿಂದೆ ಇತ್ತು, ಎರಡೂ ರೆಕ್ಕೆಗಳಲ್ಲಿ ಒಂದೇ ಅಂತರದಲ್ಲಿ. ಉಕ್ಕಿನ ಸ್ಕೇಲ್ ಹಿಡಿದು ಅಳೆದೆ: 44. ಕಂಬದ ದಪ್ಪ 8 ಮಿ.ಮೀ. ಪಟ್ಟಿಯ ಅಂಕಿಗಳು ಕಂಬದ ಮುಂದಿನ ಅಂಚಿಗೆ ಲೆಕ್ಕ ಹಿಡಿದಿದ್ದವು, ವಿಮಾನ ತೂಗುವ ತುದಿಯೋ ಕಂಬದ ನಡುವೆ ಇತ್ತು. ತಯಾರಕರಿಗೆ ಬರೆದೆ. ಅಳತೆ ಸರಿಯಾಗಿಯೇ ಇದೆ ಎಂಬ ಒಂದು ಸಾಲಿನ ಉತ್ತರ ಬಂತು. ಅಳೆಯುವುದೊಂದೇ ಕೆಲಸವಾಗಿರುವ ಸಾಧನದಲ್ಲಿ ಸೊನ್ನೆಯೇ ತಪ್ಪಿದ್ದರೆ ಅದನ್ನು ಸಣ್ಣ ದೋಷವೆಂದು ನಾನು ಒಪ್ಪಲಾರೆ.

900 ಗ್ರಾಂ ವಿಮಾನದಲ್ಲಿ 4 ಮಿ.ಮೀ. ಎಂದರೆ 120 ಗ್ರಾಂ ಬ್ಯಾಟರಿಯನ್ನು 3 ಸೆಂಟಿಮೀಟರ್ ಮುಂದಕ್ಕೆ ತಳ್ಳಬೇಕು. ಮೂತಿಯಲ್ಲಿ ಅಷ್ಟು ಜಾಗವಿತ್ತು. ಇಲ್ಲದಿದ್ದರೆ ಸೀಸ ಅಂಟಿಸಬೇಕಾಗುತ್ತಿತ್ತು. ಹಳೆಯ ಪಟ್ಟಿಯನ್ನು ಕೆರೆದು ತೆಗೆದು, ತುದಿಯ ನಡುಬಿಂದುವಿನಿಂದ ಅಳೆದು ಬರೆದ ಕಾಗದದ ಪಟ್ಟಿ ಅಂಟಿಸಿ, ಮೇಲೆ ಪಾರದರ್ಶಕ ಟೇಪ್ ಹಾಕಿದೆ. ಮರುದಿನ ಎಕ್ಸ್‌ಪೋವನ್ನು ಮತ್ತೆ 30ಕ್ಕೆ ತಂದು ಹಾರಿಸಿದಾಗ ಅದೇ ವಿಮಾನವೇ ಎನಿಸುವಷ್ಟು ಸಾಧುವಾಗಿತ್ತು. ಇಳಿಯುವಾಗ ಮೊದಲ ಬಾರಿಗೆ ನನ್ನ ಹೆಬ್ಬೆರಳು ಬಿಗಿದಿರಲಿಲ್ಲ.

ಅಲ್ಲಿಂದೀಚೆಗೆ ಈ ಸ್ಟ್ಯಾಂಡ್ ಮುಂದೆ ಕಳೆಯುವ ಹತ್ತು ನಿಮಿಷ ನನಗೆ ಹಾರಾಟದಷ್ಟೇ ಇಷ್ಟ. ಹಾರುವಾಗ ಏನೇನು ಇರುತ್ತದೋ ಅದೆಲ್ಲ ವಿಮಾನದ ಮೇಲಿರಬೇಕು: ಪ್ರೊಪೆಲ್ಲರ್, ಸ್ಪಿನ್ನರ್, ಚಕ್ರ, ಮುಚ್ಚಳ, ತಂತಿ ಜೋಡಿಸದ ಬ್ಯಾಟರಿ. (ಎಂಜಿನ್ ವಿಮಾನವಾದರೆ ಟ್ಯಾಂಕ್ ಖಾಲಿಯಿರಬೇಕು. ಟ್ಯಾಂಕ್ ಸಾಮಾನ್ಯವಾಗಿ ಮುಂದಿರುವುದರಿಂದ ಇಂಧನ ತೀರುತ್ತ ಬಂದಂತೆ ಬಾಲ ಭಾರವಾಗುತ್ತದೆ.) ಫ್ಯಾನ್ ಆರಿಸುತ್ತೇನೆ. ಎರಡೂ ಕೈಯಿಂದ ಇಳಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡುತ್ತೇನೆ. ವಿಮಾನ ಎರಡು ಮೂರು ಸಲ ನಿಧಾನವಾಗಿ ತೂಗಿ, ಮೂತಿಯನ್ನು ತುಸುವೇ ತಗ್ಗಿಸಿ ನಿಲ್ಲುತ್ತದೆ. ಆ ತುಸು ತಗ್ಗು ನನಗೆ ಬೇಕು. ಬ್ಯಾಟರಿಯ ಮುಂತುದಿ ಬಂದ ಜಾಗದಲ್ಲಿ ತಟ್ಟೆಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಡುತ್ತೇನೆ.

ಪಕ್ಕದ ಸಮತೋಲಕ್ಕೆ ಸ್ಟ್ಯಾಂಡಿನಿಂದ ಉಪಯೋಗವಿಲ್ಲ. ಮೋಟಾರಿನ ದಂಡ ಮತ್ತು ಬಾಲವನ್ನು ಹಿಡಿದು ಎತ್ತಿಯೇ ನೋಡಬೇಕು. ನನ್ನದರ ಎಡರೆಕ್ಕೆ ಬಾಗುತ್ತಿತ್ತು. ಬಲರೆಕ್ಕೆಯ ತುದಿಗೆ 4 ಗ್ರಾಂ ಸೀಸ ಸೇರಿಸಿದ ಮೇಲೆ ಲೂಪ್ ಹಾಕುವಾಗ ವಾಲುವುದು ನಿಂತಿತು. ಇದಾದ ಮೇಲೆ ಪ್ರೊಪೆಲ್ಲರ್ ಕಳಚಿ, ಮೊದಲು ಟ್ರಾನ್ಸ್‌ಮಿಟರ್ ಆನ್ ಮಾಡಿ, ಆಮೇಲೆ ಬ್ಯಾಟರಿ ಜೋಡಿಸುತ್ತೇನೆ. ವಿಮಾನದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲ ಏಲಿರಾನ್ (ರೆಕ್ಕೆಯ ಹಿಂದಂಚಿನಲ್ಲಿ ಆಡುವ ಹಲಗೆ) ಮೇಲೇಳಬೇಕು. ಪ್ರತಿ ಸಲವೂ ನೋಡುತ್ತೇನೆ.

ಒಂದೇ ತರಬೇತಿ ವಿಮಾನವಿದ್ದು, ಬ್ಯಾಟರಿಯನ್ನೂ ಬದಲಿಸದವರಿಗೆ ಇದು ಬೇಕಿಲ್ಲ. ಪೆನ್ಸಿಲ್ ಗೆರೆ ಮತ್ತು ಬೆರಳು ಸಾಕು. ಬೇರೆ ಬೇರೆ ತೂಕದ ಬ್ಯಾಟರಿ ಹಾಕುವವರು ಕೊಳ್ಳಬಹುದು, ಆದರೆ ಪೆಟ್ಟಿಗೆ ಬಿಚ್ಚಿದ ದಿನವೇ ತುದಿಯ ನಡುವಿನಿಂದ, ರೆಕ್ಕೆಯ ಮುಂದಿನ ಅಂಚು ತಾಗಿ ನಿಲ್ಲುವ ತಡೆಯವರೆಗೆ ಸ್ಕೇಲ್ ಹಿಡಿದು ಅಳೆಯಿರಿ. ರಬ್ಬರ್ ತುದಿಗಳು ಎರಡನೇ ವರ್ಷಕ್ಕೇ ಗಟ್ಟಿಯಾಗಿ ಬಿರುಕುಬಿಟ್ಟವು. ಅವುಗಳ ಜಾಗದಲ್ಲಿ ಸಿಲಿಕೋನ್ ಕೊಳವೆಯ ತುಂಡು ತೊಡಿಸಿದ್ದೇನೆ. ಈಗ ಫೋಮಿನಲ್ಲಿ ಗುಳಿಯೂ ಬೀಳುತ್ತಿಲ್ಲ.