ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಉಚ್ಚಾರ ಪಾಠಗಳು: ಬಾಗಲಕೋಟೆಯ ನರ್ಸ್ ಒಬ್ಬಳ ರಿವ್ಯೂ

ನಾನು ನವನಗರದಲ್ಲಿ ಸ್ಟಾಫ್ ನರ್ಸ್. ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ಆಸೆಯಿಂದ ಓಇಟಿಗೆ, ಅಂದರೆ ನರ್ಸ್, ಡಾಕ್ಟರಂಥ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆಗೆ, ಓದುತ್ತಿದ್ದೇನೆ. ಇಲ್ಲಿನ ಒಂದು ಕ್ಲಾಸಿನವರು ‘ಬ್ರಿಟಿಷ್ ಆಕ್ಸೆಂಟ್ ಗ್ಯಾರಂಟಿ’ ಎಂದು ಜಾಸ್ತಿ ಫೀ ಹೇಳಿದರು. ಡೆಮೊಗೆ ಹೋಗಿ ಕೂತೆ. ವಾಕ್ಯಗಳನ್ನು ಬಾಯಿಪಾಠ ಮಾಡಿಸಿದರೇ ಹೊರತು ನಾಲಿಗೆ ಎಲ್ಲಿಡಬೇಕು ಅಂತ ಯಾರೂ ಹೇಳಲಿಲ್ಲ. ಅದನ್ನು ಹೇಳಿಕೊಟ್ಟಿದ್ದು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುವ ಬಿಬಿಸಿ ಲರ್ನಿಂಗ್ ಇಂಗ್ಲಿಷ್.

ಅದರಲ್ಲಿ ಎರಡು ಸರಣಿ ನೋಡಲೇಬೇಕು. ‘ದಿ ಸೌಂಡ್ಸ್ ಆಫ್ ಇಂಗ್ಲಿಷ್’ನಲ್ಲಿ ಒಂದೊಂದೇ ಸ್ವರ, ವ್ಯಂಜನ ಹಿಡಿದು ಬಾಯಿ ಹೇಗಿರಬೇಕು ಎಂದು ತೋರಿಸುತ್ತಾರೆ. ‘ಟಿಮ್ಸ್ ಪ್ರನನ್ಸಿಯೇಶನ್ ವರ್ಕ್‌ಶಾಪ್’ ನನಗೆ ಇನ್ನೂ ಇಷ್ಟ. ಲಂಡನ್ನಿನಲ್ಲಿ ದಾರಿಹೋಕರು ಆಡಿದ ಮಾತನ್ನೇ ಕೇಳಿಸಿ, ಪದಕ್ಕೆ ಪದ ಹೇಗೆ ಅಂಟುತ್ತದೆ, ಎಲ್ಲಿ ಶಬ್ದ ಬಿದ್ದುಹೋಗುತ್ತದೆ ಎಂದು ಬಿಡಿಸಿ ಹೇಳುತ್ತಾರೆ. ನೈಟ್ ಡ್ಯೂಟಿಯಲ್ಲಿ ನನ್ನ ಜೊತೆ ನೋಡುತ್ತಿದ್ದ ಜೂನಿಯರ್ ಹುಡುಗಿ, ‘ಅಕ್ಕಾ, ಇವರು ಅರ್ಧಾ ಅಕ್ಷರ ನುಂಗೇ ಬಿಡ್ತಾರಲ್ರಿ’ ಅಂದಳು. ನುಂಗುವುದಕ್ಕೂ ಒಂದು ಲೆಕ್ಕ ಇದೆ ಎಂದು ಗೊತ್ತಾದ ಮೇಲೆ ವೇಗದ ಮಾತು ನಿಧಾನಕ್ಕೆ ಕಿವಿಗೆ ಹತ್ತುತ್ತದೆ.

ಉದಾಹರಣೆಗೆ ‘ಡಾಕ್ಟರ್’. ಟಿವಿಯಲ್ಲಿ ಕೇಳುವಂಥ ಬ್ರಿಟಿಷ್ ಮಾತಿನಲ್ಲಿ ಕೊನೆಯ ‘ರ್’ ಕೇಳಿಸುವುದಿಲ್ಲ, ‘ಡಾಕ್ಟ’ ಅಂದ ಹಾಗಿರುತ್ತದೆ. ಆದರೆ ಮುಂದಿನ ಪದ ಸ್ವರದಿಂದ ಶುರುವಾದರೆ, ‘ಡಾಕ್ಟರ್ ಈಸ್’ ಅನ್ನುವಾಗ, ಅದೇ ‘ರ್’ ವಾಪಸ್ ಬರುತ್ತದೆ.

ಕೊರತೆ ಒಂದಿದೆ. ಪಾಠ ಪೂರ್ತಿ ಇಂಗ್ಲಿಷಿನಲ್ಲಿ, ಕನ್ನಡದ ಬಾಯಿಗೆ ಎಲ್ಲಿ ತೊಡಕಾಗುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅದನ್ನು ನಾವೇ ಸೇರಿಸಿಕೊಳ್ಳಬೇಕು. ನಾವು ‘ಪೇನ್’ ಅನ್ನುವಾಗ ‘ಪ’ಕ್ಕೆ ಉಸಿರಿಲ್ಲ, ಬ್ರಿಟಿಷರ ಕಿವಿಗೆ ಅದು ‘ಬೇನ್’ ಅಂತ ಬೀಳಬಹುದು. ಪದದ ಮೊದಲಿಗೆ ಬರುವ ಪ, ಟ, ಕಗಳನ್ನು ಅವರು ಉಸಿರು ಬಿಟ್ಟು ಹೇಳುತ್ತಾರೆ. ನಮ್ಮ ಮಹಾಪ್ರಾಣ ಇದೆಯಲ್ಲ, ಹತ್ತಿರ ಹತ್ತಿರ ಅದೇ! ತುಟಿ ಮುಂದೆ ಕೇಸ್ ಶೀಟಿನ ತುಂಡೊಂದನ್ನು ಹಿಡಿದು ‘ಫಲ’ದ ಫ ಹಾಕಿ ‘ಪೇನ್’ ಅನ್ನಿ. ಹಾಳೆ ಅಲ್ಲಾಡಬೇಕು. ‘ಸ್ಪೂನ್’ ಅನ್ನುವಾಗ ಅಲ್ಲಾಡಬಾರದು, ‘ಸ್’ ಆದ ಮೇಲೆ ಆ ಉಸಿರು ಇರುವುದಿಲ್ಲ. ‘ಟ’ಕ್ಕೆ ನಾವು ನಾಲಿಗೆ ಮಡಚುತ್ತೇವೆ, ಅವರದು ಮೇಲಿನ ಹಲ್ಲಿನ ಹಿಂದಿನ ಒಸಡಿಗೆ ತಾಗುತ್ತದೆ.

‘ವಾರ್ಡ್’ ಮತ್ತು ‘ವೇನ್’ ನಮಗೆ ಒಂದೇ ‘ವ’. ಅಲ್ಲಿ ವಾರ್ಡಿಗೆ ತುಟಿ ದುಂಡಗಾಗಬೇಕು. ರಕ್ತನಾಳದ ವೇನ್‌ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕನ್ನಡಿ ಮುಂದೆ ನಿಂತರೆ ಬೇಗ ಸಿಗುತ್ತದೆ.

ಬಿಡಿ ಪದಗಳಿಗೆ ಕೇಂಬ್ರಿಜ್ ಡಿಕ್ಷನರಿಯ ವೆಬ್‌ಸೈಟ್ ಜೊತೆಗಿಟ್ಟುಕೊಳ್ಳಿ. ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರ ಕೇಳಿಸುತ್ತದೆ. ‘ಪ್ಯಾರಸೀಟಮಾಲ್’ನಲ್ಲಿ ಒತ್ತು ‘ಸೀ’ ಮೇಲೆ ಬೀಳಬೇಕು. ‘ಮೆಡಿಸಿನ್’ ಅನ್ನು ಬ್ರಿಟನ್ನಿನಲ್ಲಿ ಬಹಳ ಜನ ‘ಮೆಡ್ಸಿನ್’ ಅನ್ನುತ್ತಾರೆ.

ಬರೀ ಪರೀಕ್ಷೆಗೆ ಅಂತ ಆಕ್ಸೆಂಟ್ ಬದಲಿಸಲು ಹೊರಟವರು ಸುಮ್ನೆ ದುಡ್ಡು ಸುರಿಯಬೇಡಿ. ಓಇಟಿ ಸ್ಪೀಕಿಂಗ್‌ನಲ್ಲಿ ರೋಗಿಯ ಜೊತೆ ಮಾತಾಡುವಂಥ ಎರಡು ರೋಲ್‌ಪ್ಲೇ ಇರುತ್ತವೆ. ಕೇಳುವವರಿಗೆ ತ್ರಾಸಾಗದಂತೆ ಮಾತಾಡಿದರೆ ಆಯ್ತು, ನಮ್ಮ ಕಡೆಯ ಧಾಟಿ ಇದ್ದರೂ ನಡೆಯುತ್ತದೆ. ನೋವಿನಲ್ಲಿರುವ ಅಜ್ಜಿಗೆ ಗುಳಿಗೆ ಯಾವಾಗ ತಗೊಳ್ಳಬೇಕು ಎಂದು ಒಂದೇ ಸಲಕ್ಕೆ ತಿಳಿಯಬೇಕು, ಅಲ್ವಾ? ನಾನು ಕಲಿಯುತ್ತಿರುವುದು ಅದಕ್ಕೆ. ಐದಕ್ಕೆ ನಾಲ್ಕೂವರೆ ಸ್ಟಾರ್. ಮೊದಲು ಟಿಮ್ ಸರಣಿ ನೋಡಿ, ಎರಡನೇ ಸಲ ಸಬ್‌ಟೈಟಲ್ ಆಫ್ ಮಾಡಿ ಕೇಳಿ.